ವನ್ಯಜೀವಿ ಆರೈಕೆಗೆ ಹೊಸ ಸ್ವಯಂಸೇವಕರು: ತರಬೇತಿ ಎಲ್ಲಿಂದ ಶುರು ಮಾಡಬೇಕು?

ಹೊಂಗೆನೆರಳು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಗಾಯಗೊಂಡ, ತಾಯಿಯಿಂದ ಬೇರೆಯಾದ ಹಕ್ಕಿಗಳು ಮತ್ತು ಸಣ್ಣ ಕಾಡುಪ್ರಾಣಿಗಳ ಆರೈಕೆ ಕೇಂದ್ರಕ್ಕೆ ಹೊಸ ತಂಡ ಕಟ್ಟುತ್ತಿದ್ದೇವೆ. ಪರವಾನಗಿ ಇದೆ, ಫೋನಿಗೆ ಸಿಗುವ ಪಶುವೈದ್ಯರಿದ್ದಾರೆ. ಬಂದವರಲ್ಲಿ ಹೆಚ್ಚಿನವರು ನಾಯಿ, ಬೆಕ್ಕು ಸಾಕಿ ಅಭ್ಯಾಸ ಇರುವವರು, ಕಾಡುಪ್ರಾಣಿಯನ್ನು ಮುಟ್ಟಿದವರಲ್ಲ. ಎಲ್ಲರಿಗೂ ಮೊದಲ ದಿನವೇ ಮರಿಗಳಿಗೆ ತಿನ್ನಿಸಬೇಕೆಂಬ ಆಸೆ.

ತರಬೇತಿಯನ್ನು ಯಾವ ಕ್ರಮದಲ್ಲಿ ಕೊಡಬೇಕು? ಪ್ರಾಣಿ ಬಂದ ಮೊದಲ ಗಂಟೆಯಲ್ಲಿ ಏನು ಮಾಡಬೇಕು, ಏನು ಮಾಡಬಾರದು? ಹೊಸಬರ ಕೈಯಲ್ಲಿ ಪ್ರಾಣಿ ಸಾಯುವುದಕ್ಕೆ ಸಾಮಾನ್ಯವಾಗಿ ಏನು ಕಾರಣ? ಅಳತೆ, ಪ್ರಮಾಣಗಳ ಸಮೇತ ತಿಳಿಸಿದರೆ ಹಾಗೆಯೇ ಪಾಠಕ್ಕೆ ಇಳಿಸಿಕೊಳ್ಳಬಹುದು.

ಬಿದಿರುಮೆಳೆ

ಮೊದಲ ಪಾಠ ಫೋನಿನದ್ದಾಗಿರಲಿ, ಪ್ರಾಣಿಯದ್ದಲ್ಲ. ಕರೆ ಬಂದಾಗ ಸರಿಯಾಗಿ ವಿಚಾರಿಸಲು ಬಂದರೆ ಎಷ್ಟೋ ಮರಿಗಳು ಕೇಂದ್ರಕ್ಕೆ ಬರುವ ಅಗತ್ಯವೇ ಇರುವುದಿಲ್ಲ. ಯಾವ ಆರೈಕೆ ಕೇಂದ್ರವೂ ತಾಯಿಯಷ್ಟು ಚೆನ್ನಾಗಿ ಮರಿ ಸಾಕಲಾರದು. ಹಾಗಾಗಿ ಎತ್ತಿಕೊಂಡು ಬರಬೇಡಿ ಎಂದು ಯಾವಾಗ ಹೇಳಬೇಕು ಎನ್ನುವುದೇ ಹೊಸಬರು ಕಲಿಯಬೇಕಾದ ಮೊದಲ ವಿದ್ಯೆ.

ಕೇಳಬೇಕಾದ್ದು ಇಷ್ಟು: ಎಲ್ಲಿ, ಯಾವಾಗ ಕಂಡಿತು, ರಕ್ತ, ಜೋತುಬಿದ್ದ ರೆಕ್ಕೆ, ನೊಣದ ಮೊಟ್ಟೆ ಕಾಣುತ್ತಿದೆಯೇ, ಬೆಕ್ಕು, ನಾಯಿ ಬಾಯಿ ಹಾಕಿತ್ತೇ, ಈಗಾಗಲೇ ಏನಾದರೂ ತಿನ್ನಿಸಿದ್ದಾರೆಯೇ, ಮೈಮೇಲೆ ಪುಕ್ಕ ಎಷ್ಟಿದೆ. ಜೊತೆಗೆ ಒಂದು ಫೋಟೋ ತರಿಸಿಕೊಳ್ಳಿ. ಬಾಯಿಮಾತಿನಲ್ಲಿ ಹೇಳುವ "ಹದ್ದಿನ ಮರಿ" ಫೋಟೋದಲ್ಲಿ ಪಾರಿವಾಳದ ಮರಿ ಆಗಿರುವುದು ಹೊಸದೇನಲ್ಲ.

ಮೈತುಂಬ ಪುಕ್ಕ, ಮೋಟು ಬಾಲ, ನೆಲದ ಮೇಲೆ ಕುಪ್ಪಳಿಸುತ್ತಿದೆ, ಕೊಂಬೆ ಹಿಡಿದು ಕೂರಬಲ್ಲದು ಎಂದರೆ ಅದು ಹಾರಲು ಕಲಿಯುತ್ತಿರುವ ಮರಿ. ಕೆಲವು ದಿನ ನೆಲದಲ್ಲೇ ಓಡಾಡುವುದು ಅದರ ಬೆಳವಣಿಗೆಯ ಭಾಗ, ತಂದೆತಾಯಿ ಅಲ್ಲಿಗೇ ಬಂದು ಗುಟುಕು ಕೊಡುತ್ತವೆ. ನಾಯಿ, ಬೆಕ್ಕುಗಳನ್ನು ದೂರ ಇಡಿಸಿ, ಹತ್ತಿರದ ಪೊದೆಗೆ ಸರಿಸಿಟ್ಟು ಬರಲು ಹೇಳಿದರೆ ಸಾಕು. ಪುಕ್ಕ ಬಾರದ ಮರಿ ಕೆಳಗೆ ಬಿದ್ದಿದ್ದು, ಮೈ ಬೆಚ್ಚಗಿದ್ದು ಗಾಯವಿಲ್ಲದಿದ್ದರೆ ಗೂಡಿಗೇ ಹಿಂತಿರುಗಿಸಬೇಕು. ಗೂಡು ಕಿತ್ತುಹೋಗಿದ್ದರೆ ತಳದಲ್ಲಿ ತೂತು ಮಾಡಿದ ಸಣ್ಣ ಬುಟ್ಟಿಗೆ ಒಣಹುಲ್ಲು ಹಾಕಿ, ಅದೇ ಮರಕ್ಕೆ, ನೆರಳಿರುವ ಕಡೆ ಕಟ್ಟಿ ದೂರದಿಂದ ಕಾಯಬೇಕು. ಮನುಷ್ಯ ಮುಟ್ಟಿದರೆ ತಾಯಿಹಕ್ಕಿ ಮರಿಯನ್ನು ಬಿಟ್ಟುಬಿಡುತ್ತದೆ ಎನ್ನುವುದು ನಿಜವಲ್ಲ. ಇದನ್ನು ಕರೆ ಮಾಡಿದವರಿಗೆ ನಾಲ್ಕು ಸಲ ಹೇಳಬೇಕಾಗುತ್ತದೆ, ಬೇಸರಿಸಬಾರದು.

ಇದಕ್ಕೆ ಅಪವಾದ ಒಂದಿದೆ. ಬೆಕ್ಕಿನ ಬಾಯಿಗೆ ಸಿಕ್ಕಿದ ಯಾವುದೇ ಹಕ್ಕಿ, ಮೇಲ್ನೋಟಕ್ಕೆ ಗಾಯ ಕಾಣದಿದ್ದರೂ, ತಕ್ಷಣ ವೈದ್ಯರ ಹತ್ತಿರ ಬರಬೇಕು. ಬೆಕ್ಕಿನ ಹಲ್ಲಿನ ತೂತು ಪುಕ್ಕದಡಿ ಮುಚ್ಚಿಹೋಗಿರುತ್ತದೆ. ಅದರ ಬಾಯಲ್ಲಿರುವ ಪಾಶ್ಚುರೆಲ್ಲಾ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿ ಒಂದೆರಡು ದಿನದಲ್ಲಿ ಕೊಲ್ಲುತ್ತದೆ. ಆ್ಯಂಟಿಬಯಾಟಿಕ್ ಬೇಗ ಬಿದ್ದರೆ ಮಾತ್ರ ಬದುಕುವ ಅವಕಾಶ.

ಪಶುವೈದ್ಯೆ_ವನ್ಯ

ಮೊದಲ ಗಂಟೆಯ ವಿಷಯ ನಾನು ಬರೆಯುತ್ತೇನೆ. ಕ್ರಮ ಮೂರೇ ಮಾತು: ಶಾಖ, ನೀರು, ಆಮೇಲೆ ಆಹಾರ. ಹೊಸಬರು ಇದನ್ನು ತಿರುಗುಮುರುಗು ಮಾಡುತ್ತಾರೆ. ಪ್ರಾಣಿ ಹಸಿದಂತೆ ಕಂಡ ಕೂಡಲೇ ಏನಾದರೂ ತಿನ್ನಿಸಲು ಹೋಗುತ್ತಾರೆ. ಮೈ ತಣ್ಣಗಾದ ಪ್ರಾಣಿಯ ಕರುಳು ಕೆಲಸ ಮಾಡುತ್ತಿರುವುದಿಲ್ಲ, ಕೊಟ್ಟದ್ದು ಒಳಗೇ ಕೊಳೆಯುತ್ತದೆ. ದಿನಗಟ್ಟಲೆ ಉಪವಾಸ ಬಿದ್ದದ್ದಕ್ಕೆ ಒಮ್ಮೆಲೇ ಹೊಟ್ಟೆ ತುಂಬಿಸಿದರೆ ಇನ್ಸುಲಿನ್ ಏರಿ, ರಕ್ತದಲ್ಲಿರುವ ರಂಜಕ, ಪೊಟ್ಯಾಸಿಯಂ ಜೀವಕೋಶಗಳ ಒಳಗೆ ಸರಿದು ಹೃದಯ ನಿಲ್ಲಬಹುದು. ಇದನ್ನು ರೀಫೀಡಿಂಗ್ ಸಿಂಡ್ರೋಮ್ ಎನ್ನುತ್ತೇವೆ.

ಪೆಟ್ಟಿಗೆ: ರಟ್ಟಿನದು, ಒಳಗೆ ಜಾರದಂತೆ ಟವೆಲ್, ಗಾಳಿಗೆ ತೂತುಗಳು ಕೆಳಭಾಗದ ಪಕ್ಕಗಳಲ್ಲಿ. ತಂತಿಪಂಜರ ಬೇಡವೇ ಬೇಡ, ಒದ್ದಾಡಿ ರೆಕ್ಕೆಯ ಗರಿ ಮುರಿದರೆ ಹೊಸದು ಬರಲು ತಿಂಗಳುಗಳು ಬೇಕು. ಶಾಖದ ಪ್ಯಾಡನ್ನು ಪೆಟ್ಟಿಗೆಯ ಅರ್ಧ ಭಾಗದಡಿ ಮಾತ್ರ ಇಡಿ, ಬಿಸಿ ಹೆಚ್ಚಾದರೆ ಪ್ರಾಣಿ ಇನ್ನೊಂದು ಬದಿಗೆ ಸರಿಯಬೇಕು. ಸರಿಯಲಾರದಷ್ಟು ನಿತ್ರಾಣವಾಗಿದ್ದರೆ ಹತ್ತಿರ ಥರ್ಮಾಮೀಟರ್ ಇಟ್ಟು ನೋಡುತ್ತಿರಬೇಕು. ಬೆಳೆದ ಹಕ್ಕಿಗೆ 28ರಿಂದ 32 ಡಿಗ್ರಿ ಸೆಲ್ಸಿಯಸ್, ಪುಕ್ಕವಿಲ್ಲದ ಮರಿಗೆ 32ರಿಂದ 35. ಆದರೆ ತಲೆಗೆ ಪೆಟ್ಟಾಗಿರುವ ಹಕ್ಕಿಗೆ, ಉದಾಹರಣೆಗೆ ಗಾಜಿಗೆ ಡಿಕ್ಕಿ ಹೊಡೆದದ್ದಕ್ಕೆ, ಹೆಚ್ಚುವರಿ ಶಾಖ ಬೇಡ. ಕತ್ತಲು ಮತ್ತು ಮೌನ ಸಾಕು.

ಹಿಡಿಯುವ ಮೊದಲು ದೂರದಿಂದ ಎರಡು ನಿಮಿಷ ನೋಡಿ: ನಿಲುವು, ಉಸಿರಾಟ, ಎರಡೂ ರೆಕ್ಕೆ ಸಮವಾಗಿವೆಯೇ. ಬಾಯಿ ತೆರೆದು ಉಸಿರಾಡುತ್ತಾ ಬಾಲ ಮೇಲೆ ಕೆಳಗೆ ಆಡುತ್ತಿದ್ದರೆ ಮುಟ್ಟದೆ ಕತ್ತಲಲ್ಲಿಟ್ಟು ನನ್ನಂಥವರಿಗೆ ಫೋನ್ ಮಾಡಿ. ಹಕ್ಕಿಗಳಿಗೆ ನಮ್ಮಂತೆ ವಪೆ (ಎದೆ, ಹೊಟ್ಟೆಗಳ ನಡುವಿನ ಉಸಿರಾಟದ ಸ್ನಾಯು) ಇಲ್ಲ, ಎದೆಮೂಳೆ ಮುಂದೆ ಹಿಂದೆ ಆಡಿದರೆ ಮಾತ್ರ ಉಸಿರು. ಬಿಗಿಯಾಗಿ ಎದೆ ಸುತ್ತಿ ಹಿಡಿದರೆ ಮೂಗು, ಬಾಯಿ ತೆರೆದಿದ್ದರೂ ಉಸಿರುಕಟ್ಟಿ ಸಾಯುತ್ತದೆ. ರೆಕ್ಕೆಗಳನ್ನು ಮೈಗೆ ಒತ್ತಿ ಹಿಡಿಯಿರಿ, ಎದೆಯನ್ನು ಒತ್ತಬೇಡಿ. ಹದ್ದು, ಗೂಬೆಗಳಲ್ಲಿ ಅಪಾಯ ಇರುವುದು ಉಗುರಿನಲ್ಲಿ, ಟವೆಲ್ ಹೊದಿಸಿ ಮೊದಲು ಎರಡೂ ಕಾಲು ಹಿಡಿಯಬೇಕು. ಬೆಳ್ಳಕ್ಕಿ, ಕೊಕ್ಕರೆಗಳು ನೇರವಾಗಿ ಕಣ್ಣಿಗೇ ಕುಕ್ಕುತ್ತವೆ. ರಕ್ಷಣಾ ಕನ್ನಡಕ ಹಾಕಿಕೊಂಡು ಮೊದಲು ತಲೆಯ ಹಿಂಭಾಗ ಹಿಡಿಯಬೇಕು, ಮೂಗಿನ ಹೊಳ್ಳೆ ಮುಚ್ಚಬಾರದು.

ಗಾಳಿಪಟದ ದಾರ ಸುತ್ತಿಕೊಂಡು ಬಂದರೆ ಎಳೆಯಬೇಡಿ. ಹಕ್ಕಿ ನೇತಾಡದಂತೆ ಮೈಗೆ ಆಧಾರ ಕೊಟ್ಟು ದಾರವನ್ನು ಎರಡೂ ಕಡೆ ಕತ್ತರಿಸಿ, ಒಳಗೆ ಹೊಕ್ಕ ಭಾಗವನ್ನು ಹಾಗೆಯೇ ಬಿಟ್ಟು ತನ್ನಿ. ದಾರ ಬಿಡಿಸಿದ ಕೂಡಲೇ ಹಾರಿತೆಂದು ಬಿಟ್ಟುಬಿಡುವುದೂ ತಪ್ಪು. ರಕ್ತ ಓಡದೆ ಒತ್ತಿಹೋಗಿದ್ದ ಚರ್ಮ ಕೆಲವು ದಿನ ಕಳೆದ ಮೇಲೆ ಸಾಯುತ್ತದೆ, ಆಗ ರೆಕ್ಕೆಯೇ ಹೋಗುತ್ತದೆ.

ಜಿಂಕೆ, ಮೊಲ, ಉದ್ದಕಾಲಿನ ನೀರುಹಕ್ಕಿಗಳ ವಿಷಯದಲ್ಲಿ ಕ್ಯಾಪ್ಚರ್ ಮಯೋಪತಿ ಪ್ರತ್ಯೇಕ ಪಾಠವಾಗಬೇಕು. ಅಟ್ಟಿಸಿಕೊಂಡು ಹೋದಾಗಿನ ಭಯ ಮತ್ತು ದಣಿವಿಗೆ ಸ್ನಾಯು ಒಡೆದು, ಅದರಿಂದ ಹೊರಬಂದ ಮಯೋಗ್ಲೋಬಿನ್ ಎಂಬ ಪ್ರೋಟೀನ್ ಮೂತ್ರಪಿಂಡವನ್ನು ಹಾಳು ಮಾಡುತ್ತದೆ. ಪ್ರಾಣಿ ಅಲ್ಲೇ ಸಾಯದಿರಬಹುದು, ಗಂಟೆಗಳೋ ದಿನಗಳೋ ಕಳೆದ ಮೇಲೆ ಸಾಯುತ್ತದೆ. ಕಾಲು ಗಟ್ಟಿಯಾಗುವುದು, ಏಳಲಾಗದಿರುವುದು, ಕಂದು ಬಣ್ಣದ ಮೂತ್ರ ಇದರ ಲಕ್ಷಣಗಳು. ಚಿಕಿತ್ಸೆ ಫಲ ಕೊಡುವುದು ಕಡಿಮೆ. ಆದ್ದರಿಂದ ಬೆನ್ನಟ್ಟಬಾರದು, ಹಿಡಿಯುವ ಯೋಜನೆ ಮೊದಲೇ ಇರಬೇಕು, ಹಿಡಿದ ಕೂಡಲೇ ಕಣ್ಣು ಮುಚ್ಚಬೇಕು, ಸುತ್ತ ಜನ ನಿಂತು ಮಾತಾಡಬಾರದು. ಒಂದೆರಡು ಪ್ರಯತ್ನಕ್ಕೆ ಸಿಗದಿದ್ದರೆ ನಿಲ್ಲಿಸುವ ಅಧಿಕಾರ ಒಬ್ಬರಿಗೆ ಇರಲಿ.

ನೀರಿನ ಲೆಕ್ಕ: ತೂಕ (ಕಿಲೋ) × ನಿರ್ಜಲೀಕರಣದ ಶೇಕಡಾ × 10 = ಕೊರತೆ, ಮಿಲಿಲೀಟರಿನಲ್ಲಿ. 300 ಗ್ರಾಂ ಪಾರಿವಾಳ ಶೇ 10ರಷ್ಟು ಒಣಗಿದ್ದರೆ ಕೊರತೆ 30 ಮಿ.ಲೀ. ದಿನದ ಅಗತ್ಯ ಕಿಲೋಗೆ 50 ಮಿ.ಲೀ. ಎಂದರೆ ಇದಕ್ಕೆ 15. ಮೊದಲ ದಿನ ಕೊರತೆಯ ಅರ್ಧ ಸೇರಿಸಿ 30 ಮಿ.ಲೀ., ಮುಂದಿನ ಎರಡು ದಿನ 22.5ರಂತೆ, ಹಲವು ಕಂತುಗಳಲ್ಲಿ, ಸುಮಾರು 38 ಡಿಗ್ರಿಗೆ ಬೆಚ್ಚಗೆ ಮಾಡಿ. ಲೆಕ್ಕ ಎಲ್ಲರಿಗೂ ಕಲಿಸಿ. ಕೊಡುವ ಕೆಲಸ ಎಲ್ಲರಿಗೂ ಅಲ್ಲ: ಹಕ್ಕಿಯ ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ತೆರೆದುಕೊಳ್ಳುತ್ತದೆ, ಬಾಯಿಗೆ ಹನಿ ಬಿಟ್ಟರೆ ನೀರು ನೇರ ಶ್ವಾಸಕೋಶಕ್ಕೆ ಹೋಗಬಹುದು. ತಲೆ ಎತ್ತಿ ನುಂಗಲಾರದ ಹಕ್ಕಿಗೆ ಬಾಯಿಯಿಂದ ಏನನ್ನೂ ಕೊಡಬೇಡಿ.

ಮರಿಗುಟುಕು

ತಿನ್ನಿಸುವ ಕೆಲಸವನ್ನು ಎಲ್ಲರಿಗೂ ಕೊಡಬೇಡಿ ಎಂಬ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಆದರೆ ಹೊಸಬರನ್ನು ಪೂರ್ತಿ ದೂರ ಇಟ್ಟರೆ ಅವರು ಉಳಿಯುವುದಿಲ್ಲ. ಬಾಯಗಲಿಸಿ ಕೇಳುವ ಹಕ್ಕಿಮರಿಗಳಿಂದ ಶುರು ಮಾಡಿಸಿ, ಅದರಲ್ಲಿ ಅಪಾಯ ಕಡಿಮೆ. ಮೊಂಡು ತುದಿಯ ಚಿಮುಟದಲ್ಲಿ, ಗಂಟಲಿನ ಹಿಂಭಾಗಕ್ಕೆ, ಮರಿಯ ಬಲಬದಿಗೆ. ಪುಕ್ಕವಿಲ್ಲದ ಮರಿಗೆ ಹಗಲು ಪೂರ್ತಿ ಅರ್ಧ ಗಂಟೆಗೊಮ್ಮೆ ಬೇಕು. ಬಾಯಗಲಿಸುವುದು ನಿಲ್ಲಿಸಿತೆಂದರೆ ಸಾಕಾಗಿದೆ ಅಥವಾ ತಣ್ಣಗಾಗಿದೆ ಎಂದರ್ಥ, ಎರಡನೆಯದನ್ನು ಮೊದಲು ನೋಡಿ.

ಸಿರಿಂಜಿನಲ್ಲಿ ಹಾಲು ಕುಡಿಸುವುದು ಆಮೇಲಿನ ಪಾಠ. ಅಳಿಲುಮರಿಯನ್ನು ಮಗುವಿನಂತೆ ಅಂಗಾತ ಮಲಗಿಸಿ ಕುಡಿಸುವುದೇ ಹೊಸಬರ ಮೊದಲ ತಪ್ಪು. ಹೊಟ್ಟೆ ಕೆಳಗಿರಬೇಕು, ತಲೆ ಸ್ವಲ್ಪ ಮೇಲೆ. 1 ಮಿ.ಲೀ. ಸಿರಿಂಜನ್ನೇ ಬಳಸಿ, ದೊಡ್ಡದನ್ನು ಒತ್ತಿದರೆ ಒಮ್ಮೆಲೇ ನುಗ್ಗುತ್ತದೆ. ಮೂಗಿನಲ್ಲಿ ಗುಳ್ಳೆ ಕಂಡರೆ ತಕ್ಷಣ ನಿಲ್ಲಿಸಿ, ತಲೆ ಕೆಳಗೆ ಮಾಡಿ ಮೂಗು ಒರೆಸಿ, ಆ ಮರಿಯ ಚೀಟಿಯಲ್ಲಿ ಬರೆಯಿರಿ. ನ್ಯುಮೋನಿಯಾ ಒಂದೆರಡು ದಿನ ಬಿಟ್ಟು ಕಾಣಿಸಿಕೊಳ್ಳುತ್ತದೆ. ಹಸುವಿನ ಹಾಲು ಕೊಟ್ಟರೆ ಭೇದಿ ಹತ್ತುತ್ತದೆ, ನಾಯಿಮರಿಗಳಿಗೆ ಮಾಡಿದ ಹಾಲಿನಪುಡಿ ವಾಸಿ. ಒಂದು ಸಲಕ್ಕೆ ತೂಕದ ಶೇ 5, 40 ಗ್ರಾಂ ಮರಿಗೆ 2 ಮಿ.ಲೀ. ಕಣ್ಣು ಬಿಡದ ಮರಿಗೆ ಪ್ರತಿ ಸಲವೂ ಬೆಚ್ಚಗಿನ ಒದ್ದೆ ಹತ್ತಿಯಿಂದ ಕೆಳಹೊಟ್ಟೆ ನೇವರಿಸಿ ಮೂತ್ರ ಮಾಡಿಸಬೇಕು. ತಾಯಿ ನೆಕ್ಕಿ ಮಾಡಿಸುವ ಕೆಲಸ ಅದು. ಬಿಟ್ಟರೆ ಮೂತ್ರಕೋಶ ಒಡೆಯುವ ಅಪಾಯವಿದೆ.

ಬೇಟೆಹಕ್ಕಿಯ ಮರಿಗೆ ಬರೀ ಮಾಂಸದ ತುಂಡು ಕೊಡುವುದು ನಿಧಾನವಾಗಿ ಕೊಲ್ಲುವ ತಪ್ಪು. ಮಾಂಸದಲ್ಲಿ ರಂಜಕ ಬಹಳ, ಕ್ಯಾಲ್ಸಿಯಂ ಇಲ್ಲವೆನ್ನುವಷ್ಟು ಕಡಿಮೆ. ಮೂಳೆ ಬಾಗಿ, ತಾನಾಗಿಯೇ ಮುರಿಯುತ್ತದೆ. ಮೂಳೆ ಸಮೇತ ಇಡೀ ಬೇಟೆಯನ್ನೇ ಕೊಡಬೇಕು. ಹಾಗೆಯೇ ಒಂಟಿ ಮರಿ ಸಾಕಬೇಡಿ, ಅದೇ ಜಾತಿಯ ಇನ್ನೊಂದು ಎಲ್ಲಿದೆ ಎಂದು ಬೇರೆ ಕೇಂದ್ರಗಳಲ್ಲಿ ವಿಚಾರಿಸಿ ಜೊತೆಗೂಡಿಸಿ. ಮಾತಾಡಿಸುವುದು, ಹೆಸರಿಡುವುದು, ಹೆಗಲ ಮೇಲೆ ಕೂರಿಸಿ ಫೋಟೋ ತೆಗೆಯುವುದು ಇವೆಲ್ಲ ನಿಷೇಧ. ಮನುಷ್ಯರಿಗೆ ಹೊಂದಿಕೊಂಡ ಹಕ್ಕಿ ಬಿಟ್ಟ ಮೇಲೂ ಮನುಷ್ಯರ ಹತ್ತಿರವೇ ಬರುತ್ತದೆ, ಕಲ್ಲೇಟು ತಿನ್ನುತ್ತದೆ. ಪ್ರೀತಿಸುವವರು ಇದನ್ನು ತಿಳಿದಿರಬೇಕು.

ಹೊಂಗೆನೆರಳು

ತುಂಬಾ ಧನ್ಯವಾದ, ಇಷ್ಟು ವಿವರ ಸಿಗುತ್ತದೆಂದು ಅಂದುಕೊಂಡಿರಲಿಲ್ಲ. ಇನ್ನೆರಡು ಪ್ರಶ್ನೆ: ಬಾವಲಿಗಳನ್ನು ಸ್ವಯಂಸೇವಕರಿಗೆ ಕೊಡಬಹುದೇ? ಒಬ್ಬರು ಕಲಿತಿದ್ದಾರೆಂದು ಹೇಗೆ ನಿರ್ಧರಿಸುತ್ತೀರಿ?

ಪಶುವೈದ್ಯೆ_ವನ್ಯ

ಬಾವಲಿ ಮತ್ತು ನರಿಯಂಥ ಮಾಂಸಾಹಾರಿ ಪ್ರಾಣಿಗಳನ್ನು ರೇಬೀಸ್ ಮುನ್ನೆಚ್ಚರಿಕೆ ಲಸಿಕೆ ಆಗಿರುವವರು ಮಾತ್ರ ಮುಟ್ಟಬೇಕು, ಇದರಲ್ಲಿ ರಿಯಾಯಿತಿ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2018ರ ಶಿಫಾರಸಿನ ಪ್ರಕಾರ 0 ಮತ್ತು 7ನೇ ದಿನ ಲಸಿಕೆ. ಕೆಲವು ಕಡೆ ಮೂರನೆಯ ಡೋಸನ್ನೂ ಕೊಡುತ್ತಾರೆ, ನಿಮ್ಮ ವೈದ್ಯರು ಹೇಳಿದಂತೆ ಮಾಡಿ. ಲಸಿಕೆ ಆಗಿದ್ದರೂ ಗ್ಲೌಸ್ ಬೇಕೇ ಬೇಕು. ಕಚ್ಚಿದರೆ, ಪರಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು, ಆಗ ಮತ್ತೆ ಲಸಿಕೆ ಬೇಕಾಗುತ್ತದೆ. ಸಣ್ಣ ಬಾವಲಿ ಕಚ್ಚಿದ ಗುರುತು ಕಣ್ಣಿಗೆ ಕಾಣದೇ ಇರಬಹುದು. ಕಚ್ಚಿದ್ದನ್ನು ಮುಚ್ಚಿಡುವಂತೆ ಮಾಡುವ ವಾತಾವರಣ ತಂಡದಲ್ಲಿ ಇರಬಾರದು, ಬೈದರೆ ಮುಂದಿನ ಸಲ ಯಾರೂ ಹೇಳುವುದಿಲ್ಲ.

ಒಂದೇ ಕಡೆ ಹಲವು ನೀರುಹಕ್ಕಿ, ಕಾಗೆಗಳು ಸತ್ತುಬಿದ್ದಿವೆ ಎಂಬ ಕರೆ ಬಂದರೆ ಯಾರನ್ನೂ ಕಳಿಸಬೇಡಿ, ಹಕ್ಕಿಜ್ವರದ ಅನುಮಾನವಿಟ್ಟುಕೊಂಡು ಅಧಿಕಾರಿಗಳಿಗೆ ತಿಳಿಸಿ. ಶುಚಿತ್ವದಲ್ಲಿ ಒಂದು ಸೂಕ್ಷ್ಮವಿದೆ: ಹಿಕ್ಕೆ, ಕೊಳೆ ಇರುವ ಕಡೆ ಬ್ಲೀಚ್ ಕೆಲಸ ಮಾಡುವುದಿಲ್ಲ. ಮೊದಲು ಸೋಪಿನಿಂದ ಉಜ್ಜಿ, ತೊಳೆದು, ಆಮೇಲೆ 1 ಪಾಲು ಬ್ಲೀಚಿಗೆ 32 ಪಾಲು ನೀರು ಬೆರೆಸಿ 10 ನಿಮಿಷ ಬಿಟ್ಟು ಮತ್ತೆ ತೊಳೆಯಿರಿ. ಪಾರಿವಾಳಕ್ಕೆ ಬಳಸಿದ ಸಿರಿಂಜನ್ನು ಇನ್ನೊಂದು ಹಕ್ಕಿಗೆ ಬಳಸಬೇಡಿ. ಅವುಗಳ ಬಾಯಿಯ ಟ್ರೈಕೊಮೊನಾಸ್ ಸೋಂಕು ಹಾಗೆಯೇ ಹರಡುತ್ತದೆ, ಬೇಟೆಹಕ್ಕಿಗೂ ತಗಲುತ್ತದೆ.

ಬಿದಿರುಮೆಳೆ

ಎರಡನೆಯ ಪ್ರಶ್ನೆಗೆ: ಇಷ್ಟು ಗಂಟೆ ಕೂತರೆಂದು ಪ್ರಮಾಣಪತ್ರ ಕೊಡಬೇಡಿ, ಮಾಡಿ ತೋರಿಸಿದ ಕೆಲಸಕ್ಕೆ ಸಹಿ ಹಾಕಿ. ಒಂದೊಂದು ಕೆಲಸಕ್ಕೂ ಬೇರೆ ಸಹಿ. ಟವೆಲ್ ಹೊದಿಸಿ ಹಿಡಿಯುವುದನ್ನು ಮೊದಲು ಗೊಂಬೆಯ ಮೇಲೆ, ಆಮೇಲೆ ಕೇಂದ್ರದಲ್ಲಿ ಸತ್ತ, ಸೋಂಕಿಲ್ಲವೆಂದು ವೈದ್ಯರು ಹೇಳಿದ ಹಕ್ಕಿಯ ಮೇಲೆ ಅಭ್ಯಾಸ ಮಾಡಿಸಿ. ಟ್ಯೂಬಿನಿಂದ ದ್ರವ ಕೊಡುವುದಂತೂ ಸತ್ತ ಹಕ್ಕಿಯ ಮೇಲೆ ಸರಿಯಾಗಿ ಬರುವ ತನಕ ಜೀವಂತ ಹಕ್ಕಿಯ ಹತ್ತಿರ ಬರಬಾರದು. ಕೆಲಸ ಆರು ತಿಂಗಳು ಕೈಬಿಟ್ಟಿದ್ದರೆ ಸಹಿ ರದ್ದು, ಮತ್ತೆ ಮಾಡಿ ತೋರಿಸಬೇಕು.

ಮೊದಲ ವಾರಗಳಲ್ಲಿ ಅವರಿಗೆ ಕೊಡಬೇಕಾದ ಕೆಲಸ ತೂಕ ಮತ್ತು ದಾಖಲೆ. ಪ್ರತಿದಿನ ಒಂದೇ ಹೊತ್ತಿಗೆ, ತಿನ್ನಿಸುವ ಮೊದಲು, ಗ್ರಾಂ ಲೆಕ್ಕದಲ್ಲಿ. ಹಕ್ಕಿ ಕಾಯಿಲೆಯನ್ನು ಮುಚ್ಚಿಡುತ್ತದೆ, ತೂಕ ಮುಚ್ಚಿಡುವುದಿಲ್ಲ. ಸಿಕ್ಕ ಜಾಗವನ್ನು ಊರಿನ ಹೆಸರಿನಲ್ಲಿ ಬರೆಯದೆ ನಕ್ಷೆಯ ಗುರುತಿನಲ್ಲಿ ಬರೆಸಿ. ಬೆಳೆದ ಪ್ರಾಣಿಯನ್ನು ಅಲ್ಲಿಗೇ ಬಿಡಬೇಕು, ಅದರ ನೆಲೆ, ನೀರು, ಜೋಡಿ ಎಲ್ಲ ಅಲ್ಲಿರುತ್ತವೆ.

ದಯಾಮರಣದ ಮಾತನ್ನು ಸೇರುವ ದಿನವೇ ಆಡಿಬಿಡಿ. ಹಾರಲಾರದ, ಬೇಟೆಯಾಡಲಾರದ ಕಾಡುಪ್ರಾಣಿಯನ್ನು ಜೀವನಪೂರ್ತಿ ಪಂಜರದಲ್ಲಿಡುವುದು ಆರೈಕೆಯಲ್ಲ. ತೀರ್ಮಾನ ವೈದ್ಯರದ್ದು, ಆದರೆ ಆ ಮರಿಗೆ ವಾರಗಟ್ಟಲೆ ಗುಟುಕು ಕೊಟ್ಟವರಿಗೆ ಕಾರಣವನ್ನು ಕೂತು ಹೇಳಬೇಕು. ವಿಷಯ ಅವರಿಗೆ ಖಾಲಿ ಪೆಟ್ಟಿಗೆ ನೋಡಿ ಗೊತ್ತಾಗುವಂತೆ ಮಾಡಬೇಡಿ. ಮರಿಗಳ ಕಾಲದಲ್ಲಿ ಒಬ್ಬರಿಗೆ ಸತತ ಪಾಳಿ ಹಾಕಬೇಡಿ, ಬೇಡವೆನ್ನಲು ಸಂಕೋಚಪಡುವವರನ್ನು ನೀವೇ ಗುರುತಿಸಿ ರಜೆ ಕೊಡಿ.