ಅಪ್‌ಡೇಟ್: ಅತ್ತೆ ಮನೆಯ 'ಇಂದ್ರಜಾಲ' ಬೇರಲ್ಲ, ಪ್ರಾಣಿ!

ದೃಷ್ಟಿ ತಾಗದಿರಲಿ ಅಂತ ಅತ್ತೆ ಫ್ರೇಮ್ ಹಾಕಿಸಿ ತೂಗುಹಾಕಿರೋ ಜಾಲರಿಯಂಥ 'ಇಂದ್ರಜಾಲ' ನಿಜಕ್ಕೂ ಗಿಡದ ಬೇರಾ ಅಂತ ಹೋದ ವಾರ ಕೇಳಿದ್ದೆ. ಅಲ್ಲ, ಕಡಲ ಬೀಸಣಿಗೆ, ಅಂದ್ರೆ ಗೋರ್ಗೋನಿಯನ್ ಹವಳ ಅಂದವರು ಗೆದ್ರಿ.

ಫ್ರೇಮಿನೊಳಗೆ ಉದುರಿದ್ದ ಚೂರು ತಗೊಂಡೆ. ಮೇಲಿನ ನೇರಳೆ ಸಿಪ್ಪೆಗೆ ಒಂದು ತೊಟ್ಟು ವಿನೆಗರ್ ಬಿಟ್ಟರೆ ಸಣ್ಣಗೆ ನೊರೆ ಬಂತು. ಅದರ ತುಂಬ ಸುಣ್ಣದ ಸೂಕ್ಷ್ಮ ಮುಳ್ಳುಗಳು. ಒಳಗಿನ ಕಪ್ಪು ಕಡ್ಡಿಗೆ ಬೆಂಕಿ ತಾಗಿಸಿದ್ರೆ ಕೂದಲು ಸುಟ್ಟ ವಾಸನೆ! ಗೋರ್ಗೋನಿನ್ ಅನ್ನೋ ಪ್ರೋಟೀನು ಅದು. ಬೇರು ಸುಟ್ಟರೆ ಹಾಗೆ ನಾರಲ್ಲ.

ಲೆನ್ಸಲ್ಲಿ ಪುಟ್ಟ ತೂತುಗಳು ಕಂಡವು. ಒಂದೊಂದರಲ್ಲೂ ಎಂಟು ಗರಿಗೈಗಳ ಪಾಲಿಪ್, ಅಂದ್ರೆ ಹವಳದ ಪುಟ್ಟ ಜೀವಿ, ಇದ್ದಿರಬೇಕು, ಹರಿವಿಗೆ ಅಡ್ಡಲಾಗಿ ಹರಡಿಕೊಂಡು ಬಂದದ್ದನ್ನು ಹಿಡಿದು ತಿನ್ನೋಕೆ. ಓಡೋಕಾಗದ ಜೀವಿಗೆ ರಸಾಯನವೇ ಆಯುಧ: ಕೆರಿಬಿಯನ್‌ನ ಪ್ಲೆಕ್ಸಾರಾ ಹೋಮೋಮಲ್ಲಾ ಅನ್ನೋ ಇದೇ ಗುಂಪಿನ ಹವಳದಲ್ಲಿ ಪ್ರೋಸ್ಟಾಗ್ಲಾಂಡಿನ್ ಅನ್ನೋ ಹಾರ್ಮೋನಿನಂಥ ರಾಸಾಯನಿಕದ ರಾಶಿಯೇ ಇದೆ ಅಂತ 1969ರಲ್ಲೇ ಗೊತ್ತಾಗಿತ್ತು. ಅದನ್ನು ತಿಂದ ಮೀನು ಕಕ್ಕಿಬಿಡುತ್ತಂತೆ.

ಈ 'ಇಂದ್ರಜಾಲ' ಮಾರೋದು ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ ಅಂದ ಮೇಲೆ ಅತ್ತೆ ಅಂಗಡಿಯವನಿಗೆ ಚೆನ್ನಾಗಿ ಬೈದರು. ಅರಣ್ಯ ಇಲಾಖೆಗೆ ಒಪ್ಪಿಸೋಣ ಅಂದ್ರೆ ಮಾತ್ರ, "ಶ್ರಾವಣ ಮುಗೀಲಿ ತಡಿ" ಅಂತಿದ್ದಾರೆ.