ರಾತ್ರಿಯಿಡೀ ಸೈಕಲ್ ತುಳಿದು ಕಡಲಿಗೆ ಹೋಗೋದು: ಕಾಲಿನದಲ್ಲ, ನಿದ್ದೆಯದೇ ಭಯ

ಹಳೇಪೆಡಲ್ ಕೇಳಿದ್ದು:

ನಮ್ಮ ಸೈಕಲ್ ಗುಂಪಿನವರು ಮುಂದಿನ ಹುಣ್ಣಿಮೆ ಹತ್ತಿರದ ಶನಿವಾರಕ್ಕೆ ಒಂದು ಪ್ಲಾನ್ ಹಾಕಿದ್ದಾರೆ. ರಾತ್ರಿ ಹತ್ತೂವರೆಗೆ ಹೊರಟು 110 ಕಿ.ಮೀ. ತುಳಿದು ಬೆಳಗ್ಗೆ ಆರಕ್ಕೆ ಕಡಲ ತೀರ ಸೇರುವುದು. ನೀರಿನ ಮೇಲೆ ಸೂರ್ಯೋದಯ ನೋಡುವುದು. ಸುಮಾರು ಮೂವತ್ತು ಜನ ಇದ್ದಾರೆ. ಹುಮ್ಮಸ್ಸಿನಲ್ಲಿ ನಾನೂ ಹೆಸರು ಕೊಟ್ಟುಬಿಟ್ಟೆ. ಈಗ ಒಳಗೊಳಗೇ ಪುಕುಪುಕು.

ನನಗೆ 46 ವರ್ಷ. ಹಗಲಲ್ಲಿ 80 ಕಿ.ಮೀ. ತನಕ ಹೋಗಿದ್ದೇನೆ. ಇನ್ನು ಮೂವತ್ತು ಹೇಗೋ ಎಳೆಯಬಹುದು ಅನ್ನೋ ಧೈರ್ಯ ಇದೆ. ಭಯ ಇರೋದು ನಿದ್ದೆಯದು. ಹತ್ತು ಗಂಟೆಯಾದರೆ ದಿಂಬು ಹುಡುಕುವ ಮನುಷ್ಯ ನಾನು. ಬಸ್ಸಿನಲ್ಲಿ ಕೂತರೆ ಎರಡನೇ ಸ್ಟಾಪ್ ಬರೋದರೊಳಗೆ ತಲೆ ಕಿಟಕಿಗೆ ಬಡಿಯುತ್ತಿರುತ್ತದೆ. ಸೈಕಲ್ ಮೇಲೆ ಹಾಗಾದರೆ?

ಗುಂಪಿನಲ್ಲಿ ಜಾಸ್ತಿ ಜನ ನನಗಿಂತ ಹದಿನೈದು ಇಪ್ಪತ್ತು ವರ್ಷ ಚಿಕ್ಕವರು. ಕತ್ತಲಲ್ಲಿ ನನ್ನನ್ನು ಬಿಟ್ಟು ಹೋದರೆ ದಾರಿ ಗೊತ್ತಿಲ್ಲ. ಲೈಟು ಒಂದೇ ಇದೆ, ಡಬ್ಬದ ಮೇಲೆ 800 ಲ್ಯೂಮೆನ್ ಅಂತ ಬರೆದಿದೆ. ಅದು ಸಾಕಾ?

ಹೆಂಡತಿ ಇದ್ಯಾವುದನ್ನೂ ಕೇಳಲಿಲ್ಲ. "ವಾಪಸ್ ಹೇಗೆ ಬರ್ತೀರಿ?" ಅಂದಳು, ಅಷ್ಟೇ. ನಾನು ಅದನ್ನು ಯೋಚಿಸಿಯೇ ಇರಲಿಲ್ಲ.

ಕೊನೇಚಕ್ರ ಬರೆದದ್ದು:

ಸರಿಯಾದ ಪ್ರಶ್ನೆ ಕೇಳಿದ್ದು ನಿಮ್ಮ ಹೆಂಡತಿಯೇ. ಅದಕ್ಕೆ ಆಮೇಲೆ ಬರ್ತೀನಿ.

ಇಂಥ ರೈಡುಗಳಲ್ಲಿ ನನ್ನ ಕೆಲಸ ಎಲ್ಲರಿಗಿಂತ ಹಿಂದೆ ಇರುವುದು. ಹಿಂದೆ ಬಿದ್ದವರನ್ನು ಕರೆದುಕೊಂಡು ಬರುವುದು, ಪಂಕ್ಚರ್ ಆದವರ ಜೊತೆ ನಿಲ್ಲುವುದು. ಒಂಬತ್ತು ಸಲ ಮಾಡಿದ್ದೇನೆ. ಕಾಲು ಸೋತು ನಿಂತವರನ್ನು ನೋಡಿದ್ದು ಒಬ್ಬರನ್ನೋ ಇಬ್ಬರನ್ನೋ. ಉಳಿದವರು ನಿಂತದ್ದು ಲೈಟು ಆರಿ, ಚಳಿ ಹಿಡಿದು, ಹೊಟ್ಟೆ ಖಾಲಿಯಾಗಿ. ಇಲ್ಲಾ, ಊರು ದಾಟುವ ಮೊದಲೇ ಹುಡುಗರ ಹಿಂದೆ ಓಡಿ ಸುಸ್ತಾಗಿ.

ಮೊದಲು ನಿದ್ದೆ. ಅದು ಹನ್ನೆರಡಕ್ಕೆ ಬರೋದಿಲ್ಲ, ಆಗ ಎಲ್ಲರಿಗೂ ಹಬ್ಬದ ಹುರುಪು ಇರುತ್ತದೆ. ಬರೋದು ಮೂರರಿಂದ ಐದರ ನಡುವೆ. ಮೈಯ ಬಿಸಿ ದಿನದಲ್ಲೇ ತೀರಾ ಕಮ್ಮಿಯಾಗುವ ಹೊತ್ತು ಅದು. ಗುಂಪಿನಲ್ಲಿ ಮಾತು ತಾನಾಗಿ ನಿಂತುಹೋಗುತ್ತದೆ, ಚೈನಿನ ಸದ್ದು ಮಾತ್ರ ಉಳಿಯುತ್ತದೆ. ಮುಂದಿನವನ ಕೆಂಪು ಲೈಟನ್ನೇ ನೋಡುತ್ತಾ ಹೋಗುತ್ತೀರಿ. ನನ್ನ ಮೂರನೇ ರೈಡಿನಲ್ಲಿ ಹೀಗೇ ಹೋಗುತ್ತಿದ್ದಾಗ ಚಕ್ರದ ಸದ್ದು ಬದಲಾಯಿತು. ಟಾರಿನ ಗುಂಯ್ ಹೋಗಿ ಜಲ್ಲಿಯ ಕರಕರ ಬಂತು. ನಾನು ರಸ್ತೆ ಬಿಟ್ಟು ಅಂಚಿಗೆ ಇಳಿದಿದ್ದೆ. ಕಣ್ಣು ತೆರೆದೇ ಇತ್ತು ಅಂತ ಈಗಲೂ ಆಣೆ ಮಾಡಬಲ್ಲೆ, ಆದರೆ ಆ ಐವತ್ತು ಮೀಟರು ನನ್ನ ನೆನಪಿನಲ್ಲಿಲ್ಲ. ಬೀಳಲಿಲ್ಲ, ಅದು ಪುಣ್ಯ.

ಆದ್ದರಿಂದ ಶನಿವಾರ ಮಧ್ಯಾಹ್ನ ಒಂದೂವರೆ ಗಂಟೆ ಮಲಗಿ. ನಿದ್ದೆ ಬರದಿದ್ದರೂ ಕಣ್ಣು ಮುಚ್ಚಿ ಬಿದ್ದುಕೊಳ್ಳಿ. ರಾತ್ರಿ ತೂಕಡಿಕೆ ಶುರುವಾದರೆ ಹಠ ಮಾಡಬೇಡಿ. ಪಕ್ಕದವರಿಗೆ ಹೇಳಿ, ರಸ್ತೆಯಿಂದ ದೂರ ನಿಲ್ಲಿ. ಒಂದು ಕಾಫಿ ಕುಡಿದು ತಕ್ಷಣ ಹದಿನೈದು ನಿಮಿಷ ಮಲಗಿ. ತಮಾಷೆ ಅಲ್ಲ. ಕಾಫಿ ಕೆಲಸ ಶುರು ಮಾಡೋಕೆ ಅಷ್ಟು ಹೊತ್ತು ಬೇಕು, ಏಳುವಾಗ ಎರಡೂ ಒಟ್ಟಿಗೆ ಸಿಗುತ್ತವೆ. ಇಪ್ಪತ್ತು ನಿಮಿಷ ದಾಟಿದರೆ ಮಾತ್ರ ಏಳೋದು ಕಷ್ಟ, ಎದ್ದ ಮೇಲೂ ಅರ್ಧ ಗಂಟೆ ಮಂಕು.

ಲೈಟು. 800 ಲ್ಯೂಮೆನ್ ಬೇಕಾದ್ದಕ್ಕಿಂತ ಜಾಸ್ತಿಯೇ ಆಯಿತು, ಆದರೆ ಆ ಲೆಕ್ಕ ಎಷ್ಟು ಹೊತ್ತಿಗೆ? ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಲೈಟುಗಳು ಫುಲ್ ಬೆಳಕಿನಲ್ಲಿ ಸಾಮಾನ್ಯವಾಗಿ ಒಂದೂವರೆ ಎರಡು ಗಂಟೆ ಉರಿಯುತ್ತವೆ. ನಿಮಗೆ ಬೇಕಿರೋದು ಏಳು ಗಂಟೆ. ಇನ್ನೂರು ಮುನ್ನೂರು ಲ್ಯೂಮೆನ್‌ಗೆ ಇಳಿಸಿ. ಇಳಿಜಾರಿನಲ್ಲಿ ಮಾತ್ರ ಏರಿಸಿ. ಈ ವಾರವೇ ಮನೆಯಲ್ಲಿ ಹಚ್ಚಿಟ್ಟು ಎಷ್ಟು ಹೊತ್ತಿಗೆ ಆರುತ್ತದೆ ಅಂತ ಗಡಿಯಾರ ನೋಡಿ. ಡಬ್ಬದ ಮಾತು ನಂಬಬೇಡಿ. ಎರಡನೇ ಲೈಟು ಒಂದು ಇರಲೇಬೇಕು, ಚಿಕ್ಕದಾದರೂ ಪರವಾಗಿಲ್ಲ.

ಗುಂಪಿನಲ್ಲಿ ಇನ್ನೊಂದು ಪೇಚು ಇದೆ, ಒಬ್ಬರೇ ಹೋದಾಗ ಇದು ಗೊತ್ತಾಗೋದಿಲ್ಲ. ನಿಮ್ಮ ಹಿಂದಿನವನ ಲೈಟು ಜೋರಾಗಿದ್ದರೆ ನಿಮ್ಮದೇ ನೆರಳು ನಿಮ್ಮ ಮುಂದೆ ಬೀಳುತ್ತದೆ. ಉದ್ದದ ಕರಿ ನೆರಳು, ಪೆಡಲ್ ತುಳಿಯುತ್ತಾ ಇರುತ್ತದೆ. ಗುಂಡಿ ಸರಿಯಾಗಿ ಅದರೊಳಗೇ ಅಡಗಿರುತ್ತದೆ. ಸ್ವಲ್ಪ ಪಕ್ಕಕ್ಕೆ ಸರಿದುಕೊಳ್ಳಿ, ಇಲ್ಲಾ ಹಿಂದಿನವನಿಗೆ ಲೈಟು ಕೆಳಗೆ ಬಾಗಿಸು ಅಂತ ಕೂಗಿ ಹೇಳಿ. ಹಿಂದಿನ ಕೆಂಪು ಲೈಟನ್ನು ಮಿಣುಕಿಸಬೇಡಿ, ಸುಮ್ನೆ ಉರಿಯಲಿ. ಮಿಣುಕು ಲೈಟಿನ ಹಿಂದೆ ಒಂದು ಗಂಟೆ ತುಳಿದು ನೋಡಿ, ಅವನ ಮೇಲೆ ಎಂಥಾ ದ್ವೇಷ ಹುಟ್ಟುತ್ತದೆ ಅಂತ. ಹೊಳೆಯುವ ಪಟ್ಟಿಯನ್ನು ಕಣಕಾಲಿಗೂ ಕಟ್ಟಿ. ಮೇಲೆ ಕೆಳಗೆ ಆಡುವ ಎರಡು ಚುಕ್ಕಿ ಕಂಡರೆ ಲಾರಿ ಓಡಿಸುವವನಿಗೆ ಅದು ಕಂಬವಲ್ಲ, ಮನುಷ್ಯ ಅಂತ ದೂರದಿಂದಲೇ ಗೊತ್ತಾಗುತ್ತದೆ.

ಬಿಟ್ಟು ಹೋಗುವ ವಿಷಯ. ನಾಯಕನನ್ನು ಈಗಲೇ ಕೇಳಿ, ತಿರುವುಗಳಲ್ಲಿ ಜನ ನಿಲ್ಲಿಸ್ತೀರಾ ಅಂತ. ಒಳ್ಳೆ ಗುಂಪಿನಲ್ಲಿ ಪ್ರತಿ ತಿರುವಿಗೆ ಒಬ್ಬ ನಿಂತು ದಾರಿ ತೋರಿಸುತ್ತಾನೆ. ಕೊನೆಯವನು ಬರುವ ತನಕ ಅಲ್ಲಾಡೋದಿಲ್ಲ. ಆಮೇಲೆ ಅವನು ಮುಂದೆ ಹೋಗಿ ಸೇರಿಕೊಳ್ಳುತ್ತಾನೆ. ಹೀಗಿದ್ದರೆ ಯಾರೂ ತಪ್ಪಿಸಿಕೊಳ್ಳೋಕೆ ಆಗೋದೇ ಇಲ್ಲ. "ಮ್ಯಾಪ್ ಕಳಿಸಿದ್ದೀವಲ್ಲಾ" ಅಂದರೆ ಆ ಗುಂಪಿನ ಬಗ್ಗೆ ಎರಡು ಸಲ ಯೋಚಿಸಿ. ವೇಗದ ಚಿಂತೆ ಬೇಡ. ಏಳೂವರೆ ಗಂಟೆಯಲ್ಲಿ ಒಂದೂವರೆ ನಿಲುಗಡೆಗೆ ಕಳೆದರೂ ಗಂಟೆಗೆ ಹದಿನೆಂಟೂವರೆ ಸಾಕು.

ತಿನ್ನೋದು ಹಸಿವಾದಾಗಲ್ಲ, ಗಡಿಯಾರ ನೋಡಿ. ರಾತ್ರಿ ಹಸಿವೇ ಗೊತ್ತಾಗೋದಿಲ್ಲ, ಒಂದೇ ಸಲ ಕೈ ನಡುಗುತ್ತದೆ. ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕು. ಒಂದು ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇರುತ್ತದೆ, ಲೆಕ್ಕ ಹಾಕಿಕೊಳ್ಳಿ. ತೆಳು ಜಾಕೆಟ್ ಒಂದು ಇರಲಿ. ತಣ್ಣನೆ ಗಾಳಿ ತಗ್ಗಿಗೆ ಇಳಿದು ನಿಲ್ಲುತ್ತದೆ. ಇಳಿಜಾರು ಮುಗಿದು ಹಳ್ಳದ ಹತ್ತಿರ ಬಂದಾಗ ಬಾವಿಗೆ ಇಳಿದ ಹಾಗೆ ಆಗುತ್ತದೆ. ಏರು ಹತ್ತುವಾಗ ಮತ್ತೆ ಬೆವರು.

ಈಗ ವಾಪಸಾತಿ. ತೀರದಿಂದ ನೀವೇ ಕಾರು ಓಡಿಸಿಕೊಂಡು ಬರೋದಾದರೆ ಈ ರೈಡಿಗೆ ಹೋಗಲೇಬೇಡಿ. ಖಡಾಖಂಡಿತವಾಗಿ ಹೇಳ್ತಿದ್ದೀನಿ. ಇಡೀ ರಾತ್ರಿ ಎದ್ದವನು ಸೈಕಲ್ ಮೇಲೆ ತೂಕಡಿಸಿದರೆ ಮೊಣಕಾಲು ತರಚುತ್ತದೆ, ಸ್ಟೀರಿಂಗ್ ಹಿಂದೆ ತೂಕಡಿಸಿದರೆ ಬೇರೆಯವರೂ ಹೋಗುತ್ತಾರೆ. ರಾತ್ರಿ ಮಲಗಿದ್ದ ಡ್ರೈವರ್ ಇರಬೇಕು, ಇಲ್ಲಾ ಸೈಕಲ್ ಹಾಕಿಕೊಳ್ಳುವ ಬಸ್ಸೋ ರೈಲೋ ಇರಬೇಕು. ಅದನ್ನು ಹೊರಡುವ ಮುಂಚೆಯೇ ಗೊತ್ತು ಮಾಡಿಕೊಳ್ಳಿ.

ಗೇರಿಲ್ಲದವ ಬರೆದದ್ದು:

ಕೊನೇಚಕ್ರ ಹೇಳಿದ್ದೆಲ್ಲ ಸರಿ, ಒಂದು ಬಿಟ್ಟಿದ್ದಾರೆ. ಲೈಟನ್ನು ಹೆಲ್ಮೆಟ್‌ಗೆ ಕಟ್ಟಬೇಡಿ, ಹ್ಯಾಂಡಲ್‌ಗೆ ಕಟ್ಟಿ. ಬೆಳಕು ಕಣ್ಣಿನ ಎತ್ತರದಿಂದ ಬಿದ್ದರೆ ಗುಂಡಿಗೆ ನೆರಳೇ ಇರೋದಿಲ್ಲ, ರಸ್ತೆ ಚಪ್ಪಟೆ ಕಾಣುತ್ತದೆ. ಕೆಳಗಿನಿಂದ ಬಿದ್ದರೆ ಸಣ್ಣ ಕಲ್ಲಿಗೂ ಉದ್ದ ನೆರಳು. ಜೊತೆಗೆ, ಹೆಲ್ಮೆಟ್ ಲೈಟಿನವನು ಮಾತಾಡಿಸೋಕೆ ಅಂತ ತಿರುಗಿದಾಗಲೆಲ್ಲ ನನ್ನ ಕಣ್ಣು ಕುರುಡು. ಕತ್ತಲಿಗೆ ಕಣ್ಣು ಪೂರ್ತಿ ಹೊಂದಿಕೊಳ್ಳೋಕೆ ಅರ್ಧ ಗಂಟೆ ಬೇಕು, ಹಾಳಾಗೋಕೆ ಒಂದು ಸೆಕೆಂಡು.

ಇನ್ನೊಂದು ಬೇಜಾರಿನ ಸುದ್ದಿ. ಲಂಡನ್ನಿನಿಂದ ಡನ್ವಿಚ್ ಅನ್ನೋ ಕಡಲೂರಿಗೆ ಜುಲೈ ಹುಣ್ಣಿಮೆ ಹತ್ತಿರದ ಶನಿವಾರ ರಾತ್ರಿ ಸೈಕಲ್ ಹೊಡೆಯುತ್ತಾರಲ್ಲ, ಡನ್ವಿಚ್ ಡೈನಮೋ ಅಂತ, 180 ಕಿ.ಮೀ.ಗೂ ಜಾಸ್ತಿ. ಅವರಿಗೆ ನೀರಿನ ಮೇಲೆ ಸೂರ್ಯ ಹುಟ್ಟೋದು ಕಾಣುತ್ತದೆ, ಯಾಕಂದರೆ ಅದು ಪೂರ್ವ ತೀರ. ನೀವು ಹೋಗ್ತಿರೋ ಕಡಲು ಯಾವ ದಿಕ್ಕಿಗಿದೆ ನೋಡಿಕೊಂಡಿದ್ದೀರಾ?

ಹಳೇಪೆಡಲ್:

ಪಶ್ಚಿಮ. ಮೂವತ್ತು ಜನರಲ್ಲಿ ಒಬ್ಬರಿಗೂ ಹೊಳೆದಿಲ್ಲ! ಗುಂಪಿನಲ್ಲಿ ಹಾಕಿದೆ, ಈಗ ಅಲ್ಲಿ ಯುದ್ಧ ನಡೀತಿದೆ.

ಲೈಟು ಹಚ್ಚಿಟ್ಟು ನೋಡಿದೆ. ಫುಲ್ ಬೆಳಕಿನಲ್ಲಿ 1 ಗಂಟೆ 20 ನಿಮಿಷಕ್ಕೆ ಆರಿತು. ಎರಡನೇದು ತಂದಿದ್ದೇನೆ.

ಹಳೇಪೆಡಲ್ (ಹತ್ತು ದಿನದ ನಂತರ):

ಹೋಗಿ ಬಂದೆ. ಇಪ್ಪತ್ತಾರು ಜನ ಹೊರಟೆವು, ಇಪ್ಪತ್ತೈದು ಜನ ತೀರ ಮುಟ್ಟಿದೆವು. ಒಬ್ಬ ಹುಡುಗ ಎರಡು ಗಂಟೆಗೆ ಹೊಟ್ಟೆ ನೋವು ಅಂತ ಹಿಂದೆ ಬರುತ್ತಿದ್ದ ಗಾಡಿ ಹತ್ತಿದ.

ಮೊದಲ ಗಂಟೆ ನಾನೂ ತಪ್ಪು ಮಾಡಿದೆ, ಹುಡುಗರ ಹಿಂದೆ ಓಡಿದೆ. ಆಮೇಲೆ ನಿಮ್ಮ ಹದಿನೆಂಟೂವರೆ ನೆನಪಾಗಿ ಹಿಂದೆ ಸರಿದೆ. ಹಿಂದೆ ಇದ್ದವರು ಒಳ್ಳೆ ಮಾತುಗಾರರು.

ಒಂದೂವರೆಗೆ ನನ್ನದೇ ಪಂಕ್ಚರ್. ಹೊಸ ಟ್ಯೂಬ್ ಹಾಕೋಕೆ ಹೊರಟೆ. "ತಾಳಿ, ಚುಚ್ಚಿದ್ದು ಇನ್ನೂ ಟೈರಿನೊಳಗೇ ಇದೆ" ಅಂದರು ನಮ್ಮ ಗುಂಪಿನಲ್ಲಿ ಎಲ್ಲರಿಗಿಂತ ಹಿಂದೆ ಬರುತ್ತಿದ್ದವರು. ಟೈರಿನ ಒಳಮೈಯಲ್ಲಿ ಬೆರಳು ಆಡಿಸುತ್ತಾ ಮೆಲ್ಲಗೆ ಒಂದು ಸುತ್ತು ಬಂದರು. ಕಣ್ಣು ಮುಚ್ಚಿಕೊಂಡಿದ್ದರು. ಸಿಕ್ಕಿದ್ದು ರೆಪ್ಪೆಗೂದಲಿನಷ್ಟು ಸಣ್ಣ ತಂತಿ, ಲೈಟು ಹಿಡಿದರೂ ಕಾಣುತ್ತಿರಲಿಲ್ಲ. ಹಲ್ಲಿನಲ್ಲಿ ಕಚ್ಚಿ ಎಳೆದು ತೆಗೆದರು. ಅದನ್ನು ಹಾಗೇ ಬಿಟ್ಟಿದ್ದರೆ ಹೊಸ ಟ್ಯೂಬೂ ಐದು ನಿಮಿಷಕ್ಕೆ ಹೋಗುತ್ತಿತ್ತು.

ನಿದ್ದೆ ಬಂತು. 3:50ಕ್ಕೆ. ಒಂದೇ ಬೋರ್ಡನ್ನು ಎರಡು ಸಲ ಓದಿದೆ, ಎರಡನೇ ಸಲವೂ ಏನು ಬರೆದಿದೆ ಅಂತ ಗೊತ್ತಾಗಲಿಲ್ಲ. ನಾಚಿಕೆ ಬಿಟ್ಟು "ನನಗೆ ಆಗ್ತಿಲ್ಲ, ಮಲಗಬೇಕು" ಅಂದೆ. ಇನ್ನೂ ನಾಲ್ಕು ಜನ "ನಮಗೂ" ಅಂದರು! ಯಾರಾದರೂ ಮೊದಲು ಹೇಳಲಿ ಅಂತ ಕಾಯುತ್ತಿದ್ದರಂತೆ. ಫ್ಲಾಸ್ಕಿನ ಕಾಫಿ ಹಂಚಿಕೊಂಡು ಮುಚ್ಚಿದ ಅಂಗಡಿಯ ಕಟ್ಟೆ ಮೇಲೆ ಐವರೂ ಹೆಲ್ಮೆಟ್ ಸಮೇತ ಮಲಗಿದೆವು. ಒಂದು ನಾಯಿ ಬಂದು ಎಲ್ಲರನ್ನೂ ಮೂಸಿ ಹೋಯಿತಂತೆ, ನನಗೆ ಗೊತ್ತಿಲ್ಲ.

ಕೊನೇ ಇಪ್ಪತ್ತು ಕಿ.ಮೀ. ಬೆನ್ನಿಗೆ ಸಣ್ಣ ಗಾಳಿ ಸಿಕ್ಕಿತು. ಕಡಲಿಂದ ಎದುರು ಗಾಳಿ ಹೊಡೆಯುತ್ತೆ ಅಂದುಕೊಂಡಿದ್ದೆ. ರಾತ್ರಿ ನೆಲ ಬೇಗ ತಣ್ಣಗಾಗುತ್ತೆ, ನೀರು ಆಗೋದಿಲ್ಲ, ಅದಕ್ಕೇ ಗಾಳಿ ನೆಲದಿಂದ ಕಡಲಿನ ಕಡೆ ಬೀಸುತ್ತೆ ಅಂತ ಜೊತೆಯಲ್ಲಿದ್ದ ಮೇಷ್ಟ್ರು ವಿವರಿಸಿದರು. ಆ ಹೊತ್ತಲ್ಲಿ ಪಾಠ ಕೇಳೋಕೂ ಹಿತವಾಗಿತ್ತು.

ಸೂರ್ಯ ಬೆನ್ನ ಹಿಂದೆ, ತೆಂಗಿನ ಮರಗಳ ಆಚೆ ಹುಟ್ಟಿದ. ಯಾರೂ ತಿರುಗಿ ನೋಡಲಿಲ್ಲ. ಎದುರಿಗೆ ನೀರಿನ ಮೇಲೆ ಹುಣ್ಣಿಮೆ ಚಂದ್ರ ಮುಳುಗುತ್ತಿದ್ದ, ಹಳೇ ಹಿತ್ತಾಳೆ ತಟ್ಟೆಯ ಬಣ್ಣ. ಗುಂಪಿನ ಯುದ್ಧ ಅಲ್ಲಿಗೆ ನಿಂತಿತು.

ವಾಪಸ್ ಬಂದದ್ದು ಬಸ್ಸಿನಲ್ಲಿ, ಸೈಕಲ್ ಮೇಲ್ಗಡೆ. ಎರಡನೇ ಸ್ಟಾಪ್ ಬಂತೋ ಇಲ್ಲವೋ ಗೊತ್ತಿಲ್ಲ.

ಒಂದು ಡೌಟು. ಫೋಟೋಗೆ ಅಂತ ಸೈಕಲ್ಲನ್ನು ನೀರಿನ ಅಂಚಿನ ತನಕ ತಳ್ಳಿಕೊಂಡು ಹೋಗಿದ್ದೆ. ಈಗ ಚೈನು ಕರಕರ ಅಂತಿದೆ.

ಕೊನೇಚಕ್ರ:

ಇಷ್ಟು ದಿನ ಹಾಗೇ ಇಟ್ಟಿದ್ದೀರಾ? ಉಪ್ಪು ಚೈನು ತಿಂದಿರುತ್ತದೆ. ಇವತ್ತೇ ಸಿಹಿನೀರಿನಲ್ಲಿ ಮೆಲ್ಲಗೆ ತೊಳೆಯಿರಿ, ಜೋರಾಗಿ ಪೈಪ್ ಬಿಡಬೇಡಿ, ಮರಳು ಬೇರಿಂಗಿನೊಳಗೆ ಹೋಗುತ್ತದೆ. ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಒಂದೊಂದೇ ಕೊಂಡಿ ಉಜ್ಜಿ, ಬಟ್ಟೆಯಿಂದ ಒರೆಸಿ ಒಣಗಿಸಿ, ಆಮೇಲೆ ಎಣ್ಣೆ. ತುಕ್ಕು ಹಿಡಿದು ಕೊಂಡಿಗಳು ಬಾಗದಿದ್ದರೆ ಹೊಸ ಚೈನೇ ಗತಿ. ಮುಂದಿನ ಸಲ ಫೋಟೋಗೆ ಸೈಕಲ್ಲನ್ನು ಹೆಗಲ ಮೇಲೆ ಹೊತ್ತುಕೊಂಡು ಹೋಗಿ.