ಹ್ಯಾಮ್ ರೇಡಿಯೊದಿಂದ ಬಿಡುವು: ನಿಮ್ಮ ಅನುಭವ ತಿಳಿಸಿ

ಪ್ರಶ್ನೆ: ಪರವಾನಗಿ ಪಡೆದು ಹವ್ಯಾಸಕ್ಕಾಗಿ ರೇಡಿಯೊ ಮೂಲಕ ಪರಸ್ಪರ ಮಾತನಾಡುವ ಹ್ಯಾಮ್‌ಗಳಲ್ಲಿ ನಾನೂ ಒಬ್ಬ, ಹಲವು ವರ್ಷಗಳಿಂದ 40 ಮೀಟರ್ ಬ್ಯಾಂಡಿನಲ್ಲಿ (ಸುಮಾರು 7 ಮೆಗಾಹರ್ಟ್ಸ್ ಆವರ್ತನದಲ್ಲಿ) ಮಾತನಾಡುತ್ತ ಬಂದಿದ್ದೇನೆ. ಬೆಂಗಳೂರಿನ ಅಪಾರ್ಟ್‌ಮೆಂಟಿಗೆ ಬಂದ ಮೇಲೆ ಸೆಟ್ ಆನ್ ಮಾಡುವ ಮನಸ್ಸೇ ಆಗುತ್ತಿಲ್ಲ. ಎಲ್ಲವನ್ನೂ ಮಾರಿಬಿಡಲೇ, ಕೆಲಕಾಲ ದೂರವಿದ್ದರೆ ಸಾಕೇ? ಬಿಟ್ಟು ಮರಳಿದವರು ದಯವಿಟ್ಟು ತಿಳಿಸಿ.

ಉತ್ತರ 1: ಸರ್, ಮಾರುವ ಮೊದಲು, ನಿಮಗೆ ಬಂದಿರುವ ಬೇಸರ ಹವ್ಯಾಸದ ಮೇಲೋ ರೇಡಿಯೊದಲ್ಲಿ ಕೇಳುವ ಗದ್ದಲದ ಮೇಲೋ ಎಂಬುದನ್ನು ಪರೀಕ್ಷಿಸಿ ನೋಡಿ. ಎಲ್‌ಇಡಿ ದೀಪಗಳ ಡ್ರೈವರ್, ಅಗ್ಗದ ಚಾರ್ಜರ್, ಸೌರಫಲಕದ ಇನ್ವರ್ಟರ್ ಮುಂತಾದವುಗಳೊಳಗಿನ ಸ್ವಿಚಿಂಗ್ ಸರ್ಕ್ಯೂಟುಗಳು 7 ಮೆಗಾಹರ್ಟ್ಸ್ ಸುತ್ತಮುತ್ತ ಎಡೆಬಿಡದೆ ಗೊರಗೊರ ಸದ್ದು ಹರಡುತ್ತವೆ. ನೂರಾರು ಮನೆಗಳಿರುವ ಕಟ್ಟಡದಲ್ಲಿ ಆ ಸದ್ದಿನಡಿಯಿಂದ ದೂರದ ದನಿಯನ್ನು ಹೆಕ್ಕುತ್ತ ಕುಳಿತರೆ ಎಂಥ ಉತ್ಸಾಹಿಗೂ ಸಾಕೆನಿಸುತ್ತದೆ. ನಾನೂ ಇದೇ ಕಾರಣಕ್ಕೆ ದೀರ್ಘಕಾಲ ದೂರವಿದ್ದೆ. ತೀರ್ಥಹಳ್ಳಿಯ ಕಡೆಯ ನಮ್ಮ ತೋಟಕ್ಕೆ ಹೋದಾಗ ಮರಗಳ ನಡುವೆ ಸುಮಾರು 20 ಮೀಟರ್ ತಂತಿಯ ಡೈಪೋಲ್ ಆಂಟೆನಾ ಕಟ್ಟಿ, ಬ್ಯಾಟರಿಯ ಮೇಲೆ ರಿಸೀವರ್ ನಡೆಸಿ, ಏನೂ ಪ್ರಸಾರ ಮಾಡದೆ ಬರಿದೇ ಕೇಳಿದೆ. ಬ್ಯಾಂಡ್ ಎಷ್ಟು ನಿಚ್ಚಳವಾಗಿತ್ತೆಂದರೆ ಊಟಕ್ಕೆ ಏಳುವ ಮನಸ್ಸಾಗಲಿಲ್ಲ. ಚುಕ್ಕೆ–ಗೆರೆಗಳ ಮೋರ್ಸ್ ಸಂಕೇತ ಕಿವಿಗೆ ಬೇಗನೆ ಮರಳಿತು. ಆಮೇಲೆ ಅದನ್ನು ಕಳಿಸಲು ಒತ್ತುವ ಕೀ ಹಿಡಿದ ಕೈ ಮಾತ್ರ ಕೆಲವು ದಿನ ತಡವರಿಸಿತು. ನೀವೂ ಒಮ್ಮೆ ನಗರದ ಹೊರಗೆ ಕೇಳಿ ನೋಡಿ, ಆಮೇಲೆ ತೀರ್ಮಾನಿಸಿ. ಅಲ್ಲಿಯೂ ಆಸಕ್ತಿ ಮೂಡದಿದ್ದರೆ ಬಿಡುವು ಬೇಕಾಗಿರುವುದು ನಿಜ, ಅದನ್ನು ಸಂಕೋಚವಿಲ್ಲದೆ ತೆಗೆದುಕೊಳ್ಳಿ.

ಉತ್ತರ 2: ದೂರವಿರುವ ಕಾಲದಲ್ಲಿ ಉಪಕರಣ ಹಾಳಾದರೆ ಮರಳುವ ಉತ್ಸಾಹವೂ ಕುಗ್ಗುತ್ತದೆ. ಲೆಡ್ ಆಸಿಡ್ ಬ್ಯಾಟರಿ ಬಳಸದಿದ್ದರೂ ತಾನಾಗಿಯೇ ಇಳಿಯುವುದರಿಂದ ಆಗಾಗ ಚಾರ್ಜ್ ಮಾಡಬೇಕು. ಸಣ್ಣ ಸೆಲ್ಲುಗಳನ್ನು ಹೊರತೆಗೆದಿಡದಿದ್ದರೆ ಸೋರಿ ಸಂಪರ್ಕಗಳನ್ನು ತಿನ್ನುತ್ತವೆ. ಆಂಟೆನಾ ಕೇಬಲನ್ನು ಸೆಟ್ಟಿನಿಂದ ಬಿಡಿಸಿಡುವುದನ್ನು ಮಾತ್ರ ಮರೆಯಲೇಬೇಡಿ, ಏಕೆಂದರೆ ಏಪ್ರಿಲ್–ಮೇ ತಿಂಗಳ ಗುಡುಗು ಮಳೆಯಲ್ಲಿ ಹತ್ತಿರದಲ್ಲಿ ಬಿದ್ದ ಸಿಡಿಲೂ ರಿಸೀವರಿನೊಳಗೆ ಆಂಟೆನಾ ಸೇರುವ ಮೊದಲ ಸರ್ಕ್ಯೂಟನ್ನು ಸುಟ್ಟುಬಿಡಬಲ್ಲದು.

ಉತ್ತರ 3: ಹವ್ಯಾಸಕ್ಕೆ ಬಿಡುವು ಕೊಡಿ, ಪರವಾನಗಿಗೆ ಕೊಡಬೇಡಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಪರೀಕ್ಷೆ ಬರೆದು, ತಿಂಗಳುಗಟ್ಟಲೆ ಕಾದು ಪಡೆದ ಕಾಲ್‌ಸೈನ್ (ಪ್ರಸಾರದಲ್ಲಿ ನಿಮ್ಮನ್ನು ಗುರುತಿಸುವ ಸಂಕೇತ) ಅವಧಿ ಮೀರಿ ಕೈತಪ್ಪಬಾರದು. ಪರವಾನಗಿಯಲ್ಲಿ ನಿಮ್ಮ ರೇಡಿಯೊ ಕೇಂದ್ರದ ವಿಳಾಸ ನಮೂದಾಗಿರುತ್ತದೆಯಾದ್ದರಿಂದ ಮನೆ ಬದಲಾಯಿಸಿದ ನೀವು ಅದನ್ನೂ ತಿದ್ದಿಸಿಕೊಳ್ಳಬೇಕು. ಮಾರುವುದೇ ಆದರೆ ಪರವಾನಗಿ ಇರುವವರಿಗಷ್ಟೇ ಮಾರಿ.

ಇನ್ನೊಂದು ಮಾತು. ಯಾವ ಬ್ಯಾಂಡಿನಲ್ಲಿ ದೂರದ ದನಿ ಕೇಳುತ್ತದೆ ಎಂಬುದು ಸೂರ್ಯನ ಸುಮಾರು 11 ವರ್ಷಗಳ ಚಕ್ರವನ್ನು ಅವಲಂಬಿಸಿದೆ. 2018–19ರಲ್ಲಿ ಸೂರ್ಯಕಲೆಗಳು ತೀರ ಕಡಿಮೆಯಿದ್ದಾಗ 10 ಮೀಟರ್ ಬ್ಯಾಂಡ್ ಹೆಚ್ಚಿನ ದಿನ ಮೌನವಾಗಿತ್ತು. ಆಗ ಬೇಸತ್ತು ಸೆಟ್ ಮುಚ್ಚಿಟ್ಟ ನಮ್ಮ ಗೆಳೆಯರೊಬ್ಬರು, 2019ರ ಡಿಸೆಂಬರಿನಲ್ಲಿ ಆರಂಭವಾದ 25ನೇ ಸೌರಚಕ್ರ ಏರುತ್ತಿದ್ದಂತೆ ಅದೇ ಬ್ಯಾಂಡಿನಲ್ಲಿ ಸಣ್ಣ ಆಂಟೆನಾದಿಂದ ಯುರೋಪಿನವರೊಡನೆ ಮಾತನಾಡಿದರು. ಅವರು ಸೆಟ್ ಮಾರಿರಲಿಲ್ಲ, ಪರವಾನಗಿಯೂ ಚಾಲ್ತಿಯಲ್ಲಿತ್ತು. ಹಾಗಾಗಿ ಕೇಬಲ್ ಜೋಡಿಸಿದ ದಿನವೇ ಕರೆ ಕೊಡಲು ಅವರಿಗೆ ಸಾಧ್ಯವಾಯಿತು.